ಕೇರಂ ಬೋರ್ಡಿನ ಮೇಲೊಂದು ಬಸ್ ಡಿಪೋ

ಮಿದುಳು ಆಡುತ್ತಿರುವಾಗ ಮಾತ್ರ ಹೊಸ ದಾರಿ ಹಿಡಿಯುತ್ತದೆ ಎಂಬುದು ಗೊತ್ತಾದ ಮೇಲೆ, ಆಸ್ಪತ್ರೆಗಳಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ದೊಡ್ಡವರನ್ನು ಆಡಿಸುವುದು ಎಂದಾಯಿತು.

ಅದಕ್ಕೆ ಮುಂಚೆ ಲಕ್ವ ಹೊಡೆದವರಿಗೆ ವ್ಯಾಯಾಮವೇ ಗತಿಯಾಗಿತ್ತು. ಕೈ ಎತ್ತಿ, ಕೈ ಇಳಿಸಿ, ಚೆಂಡು ಹಿಸುಕಿ. ಮಿದುಳಿನಲ್ಲಿ ಸತ್ತುಹೋದ ಚೂರು ಮಾಡುತ್ತಿದ್ದ ಕೆಲಸವನ್ನು ಪಕ್ಕದ ಚೂರು ಕಲಿತುಕೊಳ್ಳಬೇಕು. ಕೆಲವರಲ್ಲಿ ಅದು ಕಲಿಯುತ್ತಿತ್ತು, ಹಲವರಲ್ಲಿ ಇಲ್ಲ. ಯಾಕೆಂದು ಹುಡುಕುತ್ತಾ ಹೋದ ವಿಜ್ಞಾನಿಗಳಿಗೆ ಸಿಕ್ಕಿದ ಉತ್ತರ ಅವರಿಗೇ ನಗು ತರಿಸಿತಂತೆ. ಮಣ್ಣಿನಲ್ಲಿ ಕೂತ ಮಗು ಕಲ್ಲನ್ನು ರೊಟ್ಟಿ ಎಂದುಕೊಂಡು ತಟ್ಟುವಾಗ ಅದರ ತಲೆಯೊಳಗೆ ಒಂದು ಬಗೆಯ ಸಡಿಲಿಕೆ ಇರುತ್ತದೆ. ಆ ಸಡಿಲಿಕೆಯಲ್ಲಿ ಮಿದುಳು ಎತ್ತಲಿಂದ ಎತ್ತಲಿಗೆ ಬೇಕಾದರೂ ಹೊಸ ಎಳೆ ಹಾಕಿಕೊಳ್ಳುತ್ತದೆ. ಬೆಳೆದವರಲ್ಲೂ ಅದು ಬರುತ್ತದೆ, ಆದರೆ ಅಪರೂಪಕ್ಕೆ, ಅದೂ ಕರೆದಾಗ ಬರುವುದಿಲ್ಲ.

ಅದನ್ನು ಹಿಡಿಯಲು ಒಂದು ಹಣೆಪಟ್ಟಿ ಮಾಡಿದರು. ಪಟ್ಟಿಯ ಅಂಚಿನಲ್ಲಿ ಅವರೆಕಾಳಿನಷ್ಟು ದೀಪ. ತೊಟ್ಟವರು ನಿಜವಾಗಿ ಆಡುತ್ತಿದ್ದರೆ ದೀಪ ಹಸಿರಾಗುತ್ತದೆ. ಅದೇ ಕ್ಷಣ, ಸೋತ ಕೈಗೆ ಹಾಕಿದ ಗವಸು ಬೆರಳಿನ ನರಗಳಿಗೆ ಹಗುರವಾಗಿ ಮಿಂಚು ಮುಟ್ಟಿಸುತ್ತದೆ. ಮಿದುಳಿಗೆ ಬೆರಳಿನ ದಾರಿ ಮತ್ತೆ ನೆನಪಾಗುವುದು ಆಗಲೇ. ದೀಪ ಹತ್ತದ ಹೊತ್ತಿನಲ್ಲಿ ಎಷ್ಟು ಮಿಂಚು ಕೊಟ್ಟರೂ ನೀರಿನ ಮೇಲೆ ಬರೆದ ಹಾಗೆ.

ತುಮಕೂರಿನ ಹೊರಗೆ, ಹೆದ್ದಾರಿಗೆ ಬೆನ್ನು ಮಾಡಿ ನಿಂತ ಒಂದು ಆಸ್ಪತ್ರೆಗೆ ಇಂಥ ಕೆಲವೇ ಪಟ್ಟಿಗಳು ಬಂದಿದ್ದವು. ಇಂದುಮತಿ ಅಲ್ಲಿ ವ್ಯಾಯಾಮ ಮಾಡಿಸುತ್ತಲೇ ತಲೆಗೂದಲು ಬೆಳ್ಳಗಾಗಿಸಿಕೊಂಡವಳು. ಪಟ್ಟಿ ಬಂದ ವರ್ಷವೇ ಹೋಗಿ ಊರಿನ ಕಾಲೇಜಿನಲ್ಲಿ ಆಟ ವಿನ್ಯಾಸದ ಸಂಜೆ ತರಗತಿಗೆ ಸೇರಿದಳು. ತರಗತಿಯಲ್ಲಿ ಉಳಿದವರೆಲ್ಲ ಅವಳ ಮಕ್ಕಳ ವಯಸ್ಸಿನವರು. ಮೊದಮೊದಲು ಅವಳನ್ನು ಯಾರದೋ ತಾಯಿ ಎಂದುಕೊಂಡು ಎದ್ದು ನಿಂತಿದ್ದವರು, ಆಮೇಲೆ ಮಾತೇ ಆಡದೆ ಫ್ಯಾನಿನ ಕೆಳಗಿನ ಕುರ್ಚಿಯನ್ನು ಅವಳಿಗೆಂದು ಬಿಡತೊಡಗಿದರು. ಆಸ್ಪತ್ರೆಯಿಂದ ಓಡಿ ಬಂದು ಬೆವರುತ್ತಾ ಕೂರುತ್ತಿದ್ದ ಅವಳಿಗೆ ಆ ಕುರ್ಚಿ ಒಂದು ಲೋಟ ನೀರಿನಷ್ಟೇ ಹಿತವಾಗಿತ್ತು. ಕೊನೆಯ ವರ್ಷದ ಅಭ್ಯಾಸಕ್ಕೆ ಅವಳು ಆರಿಸಿಕೊಂಡದ್ದು ಒಂದೇ ಪ್ರಶ್ನೆ: ಆಟವನ್ನು ಆಟ ಮಾಡುವುದು ಯಾವುದು?

ಉತ್ತರ ಗೊತ್ತಿಲ್ಲದಿದ್ದರೆ ರೋಗಿಗಳು ಮನೆಗೆ ಹೋಗಬೇಕಾಗುತ್ತಿತ್ತು. ಆಸ್ಪತ್ರೆಯ ಕಟ್ಟಳೆ ಹಾಗಿತ್ತು. ಪಟ್ಟಿ ತೊಟ್ಟವರ ಬೆರಳು ಗವಸಿನ ನೆರವಿಲ್ಲದೆ ತಾನಾಗಿ ಅಲುಗಿದರೆ ಅವರಿಗೆ ಎರಡನೇ ವಾರ್ಡಿನಲ್ಲಿ ಜಾಗ. ಅಲ್ಲಿ ವರ್ಷಪೂರ್ತಿ ಕೈ ಪಳಗಿಸುತ್ತಾರೆ. ಅಲುಗದಿದ್ದರೆ ಪಟ್ಟಿ ಮುಂದಿನವರಿಗೆ.

ಮರುಳಸಿದ್ದಪ್ಪ ಬಂದದ್ದು ದೀಪಾವಳಿಯ ಪಟಾಕಿ ಕಾಗದ ಇನ್ನೂ ರಸ್ತೆಯಲ್ಲಿ ಬಿದ್ದಿದ್ದಾಗ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಆದರೆ ಊರು ಅವರನ್ನು ಗುರುತಿಸುತ್ತಿದ್ದದ್ದು ಕೇರಂ ಮರುಳಸಿದ್ದಪ್ಪ ಎಂದು. ರಾಜ್ಯಮಟ್ಟದಲ್ಲಿ ಗೆದ್ದವರು. ಲಕ್ವ ಅವರ ಬಲಗೈಯನ್ನೇ ಆರಿಸಿಕೊಂಡು ತೆಗೆದುಕೊಂಡಿತ್ತು.

"ಆಟಗಾರರೇ ಬಂದಿದ್ದಾರೆ. ಇದು ಸಲೀಸಾದ ಕೇಸು" ಎಂದರು ವಾರ್ಡಿನ ಮುಖ್ಯಸ್ಥೆ ಡಾಕ್ಟರ್ ಜಬೀನ್.

ಇಂದುಮತಿಗೂ ಹಾಗೇ ಅನ್ನಿಸಿತ್ತು. ಅವಳು ಮೇಜಿನಗಲದ ಪರದೆಯ ಮೇಲೆ ಒಂದು ಕೇರಂ ಕಟ್ಟಿದಳು. ಎಡಗೈಯ ಬೆರಳಲ್ಲಿ ಚಿಮ್ಮಿದರೆ ಬೆಳಕಿನ ಕಾಯಿಗಳು ಓಡುತ್ತಿದ್ದವು, ನಿಜವಾದ ಮರದ ಸದ್ದಿನೊಂದಿಗೆ. ಬಲಗೈ ಗವಸು ಹಾಕಿಕೊಂಡು ಮೇಜಿನ ಅಂಚಿನಲ್ಲಿ ಮಲಗಿರುತ್ತಿತ್ತು. ಮರುಳಸಿದ್ದಪ್ಪ ಎಡಗೈಯಲ್ಲೇ ಪರದೆಯನ್ನು ಪಳಗಿಸಿಕೊಂಡರು, ಒಂದು ವಾರದೊಳಗೆ ಯಂತ್ರವನ್ನು ಸೋಲಿಸತೊಡಗಿದರು. ದೀಪ ಒಮ್ಮೆಯೂ ಹತ್ತಲಿಲ್ಲ.

ಆಟ ಸಪ್ಪೆಯಾಯಿತೇನೋ ಎಂದು ಇಂದುಮತಿ ನಕ್ಷತ್ರ ಸೇರಿಸಿದಳು, ಗೆದ್ದರೆ ನಾದಸ್ವರ ಸೇರಿಸಿದಳು, ಪಟ್ಟ ಪದವಿ ಸೇರಿಸಿದಳು. ಮರುಳಸಿದ್ದಪ್ಪ ಕಾಫಿ ಬಂದರೂ ಏಳದೆ ಕೂತರು. ಕಂಟ್ರೋಲ್ ರೂಮಿನ ಗಾಜಿನ ಹಿಂದೆ ಜಬೀನ್ ಖುಷಿಯಾದರು.

"ಊಟದ ಹೊತ್ತಾದರೂ ಕದಲಲಿಲ್ಲ ನೋಡಿ."

"ಕದಲಲಿಲ್ಲ ಮೇಡಂ. ಆಡಲೂ ಇಲ್ಲ" ಎಂದಳು ಇಂದುಮತಿ. ಅವಳ ಕಣ್ಣು ಹತ್ತದ ದೀಪದ ಮೇಲಿತ್ತು.

ಮಾರನೆಯ ದಿನ ಅವರ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತಳು.

"ಯಜಮಾನ್ರೇ, ಆಡುವಾಗ ನಿಮಗೆ ಏನನ್ನಿಸುತ್ತೆ?"

"ಏನನ್ನಿಸಬೇಕು? ಮುಂದಿನ ಕಾಯಿ ಯಾವುದು ಅನ್ನಿಸುತ್ತೆ."

"ಖುಷಿ ಅನ್ನಿಸಲ್ವಾ?"

ಅವರು ಅವಳನ್ನು ಹೊಸ ಕಂಡಕ್ಟರನನ್ನು ನೋಡುವ ಹಾಗೆ ನೋಡಿದರು. "ಖುಷಿ ಪಡೋರು ಸೋಲ್ತಾರೆ ಕಣಮ್ಮ."

ಮೂಲೆಯ ಬೆಂಚಿನಲ್ಲಿ ಅವರ ಹೆಂಡತಿ ಶಿವಗಂಗಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ವಾರ್ಡಿನ ಅಡಿಗೆಯವರಿಗೆ ಕೈಯಾಸರೆಯಾಗಲೆಂದು ದಿನಾ ಒಂದು ಬುಟ್ಟಿ ಕೇಳಿ ತಂದು ಸುಲಿದು ಕೊಡುತ್ತಿದ್ದರು. ತಲೆಯೆತ್ತದೆ ಹೇಳಿದರು: "ಮದುವೆಯಾದ ಹೊಸದರಲ್ಲಿ ನಾನೂ ಒಂದ್ಸಲ ಬೋರ್ಡಿನ ಮುಂದೆ ಕೂತಿದ್ದೆ. ಪೌಡರ್ ಚೆಲ್ಲಬೇಡ ಅಂದ್ರು. ಎದ್ದುಬಿಟ್ಟೆ."

"ಚೆಲ್ಲಿದ್ದೆ, ಅದಕ್ಕೆ ಅಂದೆ" ಎಂದರು ಮರುಳಸಿದ್ದಪ್ಪ, ಕಾಯಿಯಿಂದ ಕಣ್ಣು ತೆಗೆಯದೆ.

ಮಧ್ಯಾಹ್ನ ಊಟದ ಕೋಣೆಯಲ್ಲಿ ಇಂದುಮತಿ ಅವರಿಬ್ಬರನ್ನು ದೂರದಿಂದ ನೋಡಿದಳು. ರಾಗಿ ಮುದ್ದೆ, ಹಿತಕಿದ ಬೇಳೆ ಸಾರು. ಮುದ್ದೆಯನ್ನು ಚಮಚದಲ್ಲಿ ತಿನ್ನಲಾಗದು. ಬೆರಳಲ್ಲಿ ಮುರಿದು, ಉರುಟಿ, ಸಾರಿನಲ್ಲಿ ಹೊರಳಿಸಿ ನುಂಗಬೇಕು, ಅದಕ್ಕೆ ಬಲಗೈಯೇ ಬೇಕು. ಶಿವಗಂಗಮ್ಮ ಗಂಡನ ತಟ್ಟೆಯ ಮುದ್ದೆಯನ್ನು ನೆಲ್ಲಿಕಾಯಿಗಳಷ್ಟು ಮಾಡಿ ಇಟ್ಟರು. ಆಮೇಲೆ ತಮ್ಮ ತಟ್ಟೆಯ ಮುದ್ದೆಯನ್ನೂ ಅಷ್ಟಷ್ಟೇ ಮಾಡಿ ಇಟ್ಟುಕೊಂಡರು. ಆರಿ ಗಟ್ಟಿಯಾಗುತ್ತದೆಂದು ಗೊತ್ತಿದ್ದೂ ಮಾಡಿದರು, ಎರಡು ತಟ್ಟೆಯೂ ಒಂದೇ ಥರ ಕಾಣಲಿ ಎಂದು. ಮರುಳಸಿದ್ದಪ್ಪ ಗೋಡೆಯ ಕಡೆಗೆ ತಿರುಗಿ ಕೂತು, ಚಮಚದಲ್ಲಿ ಒಂದೊಂದನ್ನೇ ಎತ್ತಿಕೊಂಡರು.

ತಟ್ಟೆ ತೆಗೆಯಲು ಹೋದ ನೆಪದಲ್ಲಿ ಇಂದುಮತಿ ಅವರ ಎದುರಿಗೆ ಬಂದಳು.

"ಕೈ ಬಂದರೆ ಮೊದಲು ಏನು ಮಾಡ್ತೀರಿ? ಬೋರ್ಡಿಗೆ ಕೂರ್ತೀರಾ?"

"ಕೇರಂ ಹೋದರೆ ಹೋಗಲಿ" ಎಂದರು ಅವರು. ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. "ನನ್ನ ಮುದ್ದೆ ನಾನು ಮುರಿದುಕೊಂಡು ತಿನ್ನಬೇಕು. ನಾಲ್ಕು ಜನರ ಮಧ್ಯೆ ಪಂಕ್ತೀಲಿ ಕೂತು. ಅಷ್ಟೇ."

ಶಿವರಾತ್ರಿಯವರೆಗೆ ಪಟ್ಟಿ ಅವರದು. ಆಮೇಲೆ ಗುಬ್ಬಿಯ ಕಡೆಯ ಒಬ್ಬ ಹೊಲಿಗೆಯವಳ ಸರದಿ. ಅಂದು ಸಂಜೆ ಇಂದುಮತಿ ಬಸ್ಸಿನಲ್ಲಿ ನಿಂತುಕೊಂಡೇ ನಿರ್ಧಾರ ಮಾಡಿದಳು. ಆ ಮನುಷ್ಯ ಗೋಡೆಗೆ ಮುಖ ಮಾಡಿ ಉಣ್ಣುವುದನ್ನು ಬಿಡಿಸಬೇಕು. ಎಷ್ಟು ಸಲ ತಪ್ಪಿದರೂ ಸರಿ.

ಭಾನುವಾರ ಪಟ್ಟಿಯನ್ನು ಪರೀಕ್ಷೆಗೆಂದು ಮನೆಗೆ ತಂದಳು. ದೀಪವೇ ಕೆಟ್ಟಿರಬಹುದೆಂಬ ಸಣ್ಣ ಆಸೆ. ನಡುಮನೆಯಲ್ಲಿ ಅವಳ ಅತ್ತೆ ಪುಟ್ಟತಾಯಮ್ಮ ಪಕ್ಕದ ಮನೆಯ ಜಯಶೀಲಮ್ಮನ ಜೊತೆ ಚೌಕಾಬಾರ ಹಾಕಿಕೊಂಡಿದ್ದರು. ನೆಲದ ಮೇಲೆ ಸೀಮೆಸುಣ್ಣದ ಮನೆಗಳು, ಕಾಯಿಗೆ ಬಳೆಚೂರು ಮತ್ತು ಹುಣಸೆಬೀಜ.

"ಅತ್ತೆ, ಇದೊಂದು ಹಣೆಗೆ ಕಟ್ಟಿಕೊಳ್ಳಿ."

"ಯಾಕೆ, ಬಾಸಿಂಗವಾ?" ಎಂದರು ಪುಟ್ಟತಾಯಮ್ಮ. ಆದರೂ ತಲೆ ಬಗ್ಗಿಸಿದರು.

ಇಂದುಮತಿ ಅಡಿಗೆಮನೆ ಬಾಗಿಲಲ್ಲಿ ನಿಂತಳು. ಕವಡೆ ಬಿತ್ತು, ಕಾಯಿ ನಡೆಯಿತು, ಜಯಶೀಲಮ್ಮನ ಹುಣಸೆಬೀಜ ಕಡಿತವಾಗಿ ಹೊರಗೆ ಹೋಯಿತು. ದೀಪ ಹತ್ತಲಿಲ್ಲ. ಕೆಟ್ಟಿದೆ, ಖಂಡಿತ, ಎಂದುಕೊಳ್ಳುವಷ್ಟರಲ್ಲಿ ಒಂದು ಕವಡೆ ಉರುಳಿ ಹೋಗಿ ಜಯಶೀಲಮ್ಮನ ಪಾದಕ್ಕೆ ಒರಗಿ ನಿಂತಿತು. ಅಂಗಾತವೂ ಅಲ್ಲ, ಬೋರಲೂ ಅಲ್ಲ.

"ಕಾಲು ತೆಗಿ ಜಯಶೀಲ, ಬೀಳುತ್ತೆ."

"ತೆಗೆದರೆ ನಿಮ್ಮ ಕಡೆಗೇ ಬೀಳುತ್ತೆ. ತೆಗೆಯಲ್ಲ."

"ಹಂಗಾದರೆ ಅದು ಕಾಲಲ್ಲ, ಬೆಟ್ಟ. ಕವಡೆ ಬೆಟ್ಟ ಹತ್ತಿದೆ. ಬೆಟ್ಟ ಹತ್ತಿದ ಕವಡೆಗೆ ಎರಡು ಪಟ್ಟು."

"ಎರಡು ಪಟ್ಟು ಯಾರಿಗೆ? ಬೆಟ್ಟ ನನ್ನದು. ಸುಂಕ ಕಟ್ಟಿ ಹತ್ತಬೇಕು."

ಪುಟ್ಟತಾಯಮ್ಮನ ಹಣೆಯ ಮೇಲೆ ದೀಪ ಹಸಿರಾಗಿ ಹತ್ತಿತು. ಹತ್ತಿಯೇ ಇತ್ತು. ಬೆಟ್ಟದ ಸುಂಕಕ್ಕೆ ಒಂದು ಚಿಟಿಕೆ ನಶ್ಯ ಎಂದು ತೀರ್ಮಾನವಾಗುವವರೆಗೂ, ಆಮೇಲೆ ಜಯಶೀಲಮ್ಮ ಇನ್ನೊಂದು ಕಾಲನ್ನೂ ಚಾಚಿ "ಇದು ಇನ್ನೊಂದು ಬೆಟ್ಟ" ಎನ್ನುವವರೆಗೂ. ಮತ್ತೆ ಇಬ್ಬರೂ ಸುಮ್ಮನೆ ಕವಡೆ ಹಾಕತೊಡಗಿದಾಗ ದೀಪ ನಂದಿತು.

ಇಂದುಮತಿ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಒಲೆಯ ಮೇಲೆ ಹಾಲು ಉಕ್ಕಿತು. ಅತ್ತೆ ಒಮ್ಮೆ ಸೊಸೆಯ ಮುಖ ನೋಡಿ, ತಾವೇ ಎದ್ದು ಹೋಗಿ ಒಲೆ ಆರಿಸಿ ಬಂದರು.

ಸೋಮವಾರ ಬೆಳಿಗ್ಗೆ ಜಬೀನ್ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಅದು ಅವರ ಒಳ್ಳೆಯ ಗುಣ; ಒಪ್ಪದಿದ್ದರೂ ಅರ್ಧಕ್ಕೆ ತಡೆಯುತ್ತಿರಲಿಲ್ಲ.

"ಅಂದರೆ ನಿಯಮದ ಜಗಳದಲ್ಲಿ ಆಟ ಇದೆ ಅಂತೀರಿ."

"ಜಗಳದಲ್ಲಿ ಅಲ್ಲ ಮೇಡಂ. ಕಾಲು ಕಾಲಲ್ಲ, ಬೆಟ್ಟ ಅಂತ ಇಬ್ಬರೂ ಒಪ್ಪಿಕೊಳ್ತಾರಲ್ಲ, ಅಲ್ಲಿ. ಆ ನಿಯಮವನ್ನ ಅವರಿಗೆ ಯಾರೂ ಕೊಟ್ಟಿರಲಿಲ್ಲ."

"ಸರಿ. ಹಾಗಾದರೆ ಅದನ್ನು ನಿಮ್ಮ ಕೇರಂಗೆ ಸೇರಿಸಿ."

ಸೇರಿಸಿದಳು. ಪ್ರತಿ ಸರದಿಗೂ ಪರದೆಯ ಮೂಲೆಯಲ್ಲಿ ಆಯ್ಕೆಗಳು ಬರುತ್ತಿದ್ದವು. ಬಿಳಿ ಕಾಯಿ ಕಪ್ಪಾಗಲಿ, ಗೋಡೆ ಮಾಯವಾಗಲಿ, ರಾಣಿ ಓಡಿಹೋಗಲಿ. ಮರುಳಸಿದ್ದಪ್ಪ ಪ್ರತಿ ಸಲವೂ ಗಮನವಿಟ್ಟು ಓದಿ, ತಮಗೆ ಲಾಭವಾಗುವುದನ್ನು ಆರಿಸಿ, ಮೊದಲಿಗಿಂತ ಬೇಗ ಗೆದ್ದರು. ದೀಪ ಹಾಗೇ ಇತ್ತು.

"ಇದು ನಿಮ್ಮ ತಪ್ಪಲ್ಲ" ಎಂದರು ಜಬೀನ್, ಕನ್ನಡಕ ಒರೆಸುತ್ತಾ. "ಕೆಲವರಲ್ಲಿ ಅದು ಬರುವುದೇ ಇಲ್ಲವೇನೋ. ಗುಬ್ಬಿಯ ಆ ಹೆಣ್ಣುಮಗಳಿಗೆ ಇನ್ನೂ ಮೂವತ್ತು ದಾಟಿಲ್ಲ ಇಂದುಮತಿ. ಅವಳಿಗೂ ಕಾಯುವುದು ಕಷ್ಟ."

"ಶಿವರಾತ್ರಿವರೆಗೆ ಅಂದಿದ್ರಿ. ಇನ್ನೂ ಸಂಕ್ರಾಂತಿ."

"ಏನು ಮಾಡ್ತೀರಿ?"

"ಪರದೆ ತೆಗೀತೀನಿ. ಬೇರೆಯವರು ಕೊಟ್ಟಿದ್ದರಲ್ಲಿ ಆರಿಸಿಕೊಳ್ಳೋದನ್ನ ಅವರು ಜೀವನಪೂರ್ತಿ ಮಾಡಿದ್ದಾರೆ. ಕೊಡೋದನ್ನೇ ನಿಲ್ಲಿಸ್ತೀನಿ."

ನೌಕರರ ಕೋಣೆಯಲ್ಲಿ ಒಂದು ಹಳೆಯ ಕೇರಂ ಬೋರ್ಡು ಬಿದ್ದಿತ್ತು. ನೆನೆದು ಒಂದು ಕಡೆ ಉಬ್ಬಿದ್ದು, ಬಲೆ ಹರಿದದ್ದು, ಕಾಯಿಗಳಲ್ಲಿ ಎರಡು ಕಾಣೆ. ಒರೆಸಿ ತಂದು ಮರುಳಸಿದ್ದಪ್ಪನವರ ಮುಂದಿಟ್ಟಳು. ಅವರ ಮುಖ ಹುಳಿಯಾಯಿತು.

"ಇದರ ಮೇಲೆ ಹೆಂಗಮ್ಮ ಆಡೋದು? ಕಾಯಿ ಎಲ್ಲ ಒಂದೇ ಕಡೆ ಜಾರುತ್ತೆ."

"ಆಡೋಕಾಗಲ್ಲ. ಅದಕ್ಕೇ ತಂದೆ." ಇಂದುಮತಿ ಮೂಲೆಯ ಬೆಂಚಿಗೆ ತಿರುಗಿದಳು. "ಅಮ್ಮಾ, ಅವರೆಕಾಯಿ ಆಮೇಲೆ ಸುಲಿಯೋಣ. ಇಲ್ಲಿ ಬನ್ನಿ."

"ನನಗೆ ಬರಲ್ಲ ಕಣವ್ವ" ಎಂದರು ಶಿವಗಂಗಮ್ಮ.

"ಬರದೇ ಇರೋರೇ ಬೇಕು. ಇಲ್ಲಿ ಇರೋದು ಒಂದೇ ನಿಯಮ. ನಿಮ್ಮ ಸರದಿ ಬಂದಾಗ ನೀವೊಂದು ನಿಯಮ ಹೇಳಬೇಕು. ಯಾವ ಪುಸ್ತಕದಲ್ಲೂ ಇರಬಾರದು."

"ಅದು ಆಟಾನೇ ಅಲ್ಲ" ಎಂದರು ಮರುಳಸಿದ್ದಪ್ಪ.

"ಆಟ ಅಲ್ಲ ಅಂದಮೇಲೆ ಸೋಲೋ ಭಯಾನೂ ಇಲ್ಲ, ಯಜಮಾನ್ರೇ."

ಶಿವಗಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಎದುರು ಕೂತರು. ಗಂಡನ ಕಡೆ ಒಮ್ಮೆ, ಬೋರ್ಡಿನ ಕಡೆ ಒಮ್ಮೆ ನೋಡಿದರು. ಇಂದುಮತಿ ಪೌಡರ್ ಡಬ್ಬಿ ತೆಗೆದು ಅವರ ಕೈಗೇ ಕೊಟ್ಟಳು. ಅವರು ಬಗ್ಗಿಸಿದ್ದು ಸ್ವಲ್ಪ ಹೆಚ್ಚೇ ಆಯಿತು. ಮರುಳಸಿದ್ದಪ್ಪ ಬಾಯಿ ತೆರೆದರು, ಇಂದುಮತಿಯನ್ನು ನೋಡಿದರು, ಮುಚ್ಚಿದರು.

"ಈ ಮೂಲೆ ತೂತು ನಿಮ್ಮ ಡಿಪೋ ಅಂತಿಟ್ಕೊಳ್ಳಿ" ಎಂದರು ಶಿವಗಂಗಮ್ಮ. "ಬಿಳಿ ಕಾಯೆಲ್ಲ ಬಸ್ಸು. ಕಪ್ಪು ಕಾಯಿ ಎಮ್ಮೆ."

"ಎಮ್ಮೆ ಯಾಕೆ?"

"ರಸ್ತೇಲಿ ಎಮ್ಮೆ ಇರಲ್ವಾ? ಬಸ್ಸು ಎಮ್ಮೆಗೆ ತಾಗಿದರೆ ಅಲ್ಲೇ ನಿಲ್ಲಬೇಕು. ಎಮ್ಮೆ ಯಜಮಾನಿ ಬಂದು ಜಗಳ ಮುಗಿಸೋವರೆಗೂ."

"ಯಜಮಾನಿ ಯಾರು?"

"ನಾನೇ. ಬೇರೆ ಯಾರನ್ನ ತರಲಿ?"

ಅವರು ಬೇಸರದಿಂದಲೇ ಎಡಗೈಯಲ್ಲಿ ಸ್ಟ್ರೈಕರ್ ಚಿಮ್ಮಿದರು. ಅಷ್ಟು ವರ್ಷದ ಅಭ್ಯಾಸ. ಉಬ್ಬಿದ ಬೋರ್ಡಿನ ಮೇಲೂ ಬಿಳಿ ಕಾಯಿ ಸೀದಾ ಹೋಗಿ ಮೂಲೆಗೆ ಬಿತ್ತು.

"ಬಂತು ಬಸ್ಸು ಡಿಪೋಗೆ" ಎಂದರು ಶಿವಗಂಗಮ್ಮ.

ಮರುಳಸಿದ್ದಪ್ಪ ಬೋರ್ಡಿನತ್ತ ಬಾಗಿದರು. ಆ ತೂತನ್ನೇ ನೋಡುತ್ತಿದ್ದರು. ಆಮೇಲೆ ತಡೆಯಲಾರದವರ ಹಾಗೆ ಹೇಳಿದರು: "ಹಂಗೆ ಸೀದಾ ನುಗ್ಗಲ್ಲ ಕಣೇ. ಮೊದಲು ಡೀಸೆಲ್. ಆಮೇಲೆ ತೊಳೆಯೋ ಕಡೆ ಹೋಗಬೇಕು. ಅದಾದ ಮೇಲೆ ಒಳಗೆ."

"ತೊಳೆಯೋದು ಎಲ್ಲಿ?"

"ಈ ಉಬ್ಬಿರೋ ಜಾಗ. ಇಲ್ಲಿ ನೀರು ನಿಂತೇ ಉಬ್ಬಿರೋದು."

ದೀಪ ಮಿಂಚಿತು. ಕಣ್ಣು ಮಿಟುಕಿಸಿದಷ್ಟು ಹೊತ್ತು. ಗವಸಿನೊಳಗೆ ಬೆರಳುಗಳು ಒಮ್ಮೆ ಜುಮ್ಮೆಂದು ನಡುಗಿದವು.

ಅದನ್ನು ಕಂಡ ಮರುಳಸಿದ್ದಪ್ಪ ತಟ್ಟನೆ ಎದುರಿನ ಗಾಜಿನಲ್ಲಿ ತಮ್ಮ ಹಣೆಯ ದೀಪವನ್ನು ನೋಡಿಕೊಂಡರು. ಅಷ್ಟಕ್ಕೇ ಅದು ನಂದಿತು. ಅಂದು ಪೂರ್ತಿ ಅವರು ಆಡಿದ್ದು ಗಾಜಿನ ಜೊತೆಗೇ. ಒಂದು ಮಾತಾಡುವುದು, ದೀಪ ಬಂತೇ ಎಂದು ನೋಡುವುದು. ಬರಲಿಲ್ಲ.

ಮಾರನೆಯ ದಿನ ಇಂದುಮತಿ ದೀಪದ ಮೇಲೆ ಗಾಯಕ್ಕೆ ಹಾಕುವ ಅಂಟುಪಟ್ಟಿ ಅಂಟಿಸಿದಳು.

"ಹೀಗಾದರೆ ನಮಗೆ ಗೊತ್ತಾಗುವುದು ಹೇಗೆ?" ಎಂದು ಕೇಳಿದರು ಜಬೀನ್.

"ಯಂತ್ರ ತನ್ನ ಪಾಡಿಗೆ ಬರೆದುಕೊಳ್ಳುತ್ತೆ. ನೀವು ನೋಡಿ. ನನಗೆ ಹೇಳಬೇಡಿ. ನನಗೆ ಗೊತ್ತಾದರೆ ನನ್ನ ಮುಖದಲ್ಲಿ ಅವರಿಗೆ ಗೊತ್ತಾಗುತ್ತೆ."

ಜಬೀನ್ ಕಂಟ್ರೋಲ್ ರೂಮಿನ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿ, ತಮ್ಮ ಕುರ್ಚಿಯನ್ನೂ ಅತ್ತಲೇ ಎಳೆದುಕೊಂಡರು.

ಅಲ್ಲಿಂದ ಮುಂದೆ ಆ ಬೋರ್ಡಿನ ಮೇಲೆ ನಡೆದದ್ದನ್ನು ಕೇರಂ ಎಂದು ಯಾರೂ ಕರೆಯುವ ಹಾಗಿರಲಿಲ್ಲ. ಕೆಂಪು ಕಾಯಿ ಚೆಕಿಂಗ್‌ನವನಾದ. ಅವನು ಯಾವ ಬಸ್ಸಿನ ಹಿಂದೆ ನಿಂತರೂ ಆ ಬಸ್ಸು ಕದಲುವಂತಿಲ್ಲ. ಎರಡು ಎಮ್ಮೆ ಒಟ್ಟಿಗೆ ಬಂದರೆ ಸಂತೆ, ಸಂತೆಯ ದಿನ ಎಲ್ಲ ಬಸ್ಸಿಗೂ ಬಳಸುದಾರಿ. ಶಿವಗಂಗಮ್ಮ ಒಂದು ದಿನ ಮದುವೆ ದಿಬ್ಬಣ ತಂದರು. ಅವರೆಕಾಳುಗಳನ್ನು ಸಾಲಾಗಿ ಜೋಡಿಸಿ, ಓಲಗದವರು ಹಿಂದೆ ಬಿದ್ದಿದ್ದಾರೆ, ಕಾಯಬೇಕು ಎಂದರು. ಮರುಳಸಿದ್ದಪ್ಪ ಕಾದರು. ಕಾಯುತ್ತಾ "ನಿಮ್ಮ ಓಲಗದವರು ಟಿಕೆಟ್ ತಗೊಂಡಿದ್ದಾರಾ?" ಎಂದು ಕೇಳಿದರು. ಪಕ್ಕದ ಹಾಸಿಗೆಯವರು ಎದ್ದು ಬಂದು ನೋಡತೊಡಗಿದರು. ಊಟದ ಗಂಟೆ ಹೊಡೆದರೆ ಅಡಿಗೆಯವನು ಇನ್ನೊಂದು ಸಲ ಹೊಡೆಯುವ ಮುಂಚೆ ಬಾಗಿಲಿಂದ ಇಣುಕಿ, ಯಾರ ಸರದಿ ನಡೆಯುತ್ತಿದೆ ಎಂದು ನೋಡಿಕೊಂಡು ಹೋಗುತ್ತಿದ್ದ.

ನೋಡುತ್ತಿದ್ದಷ್ಟೂ ಇಂದುಮತಿಗೆ ಒಂದು ಮಾತು ಸ್ಪಷ್ಟವಾಗುತ್ತಾ ಹೋಯಿತು. ಅವಳು ಕಲಿತ ವಿನ್ಯಾಸವೆಲ್ಲ ಆಟಗಾರನನ್ನು ಹಿಡಿದಿಡುವುದು ಹೇಗೆಂದು. ಇಲ್ಲಿ ಇಬ್ಬರು ಮುದುಕರು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತಾ ಆಡುತ್ತಿದ್ದರು. ಒಬ್ಬರು ಎಮ್ಮೆ ಎಂದರೆ ಇನ್ನೊಬ್ಬರು ಅಲ್ಲ ಎನ್ನುತ್ತಿರಲಿಲ್ಲ, ಅದಕ್ಕೆ ಹಗ್ಗ ಹುಡುಕುತ್ತಿದ್ದರು.

ಆದರೆ ಬೆರಳು ಅಲುಗಲಿಲ್ಲ. ಪ್ರತಿದಿನ ಕೊನೆಗೆ ಗವಸು ಕಳಚಿ ಇಂದುಮತಿ ಆ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಅಲುಗಿಸಿ ಎಂದು ಕೇಳುತ್ತಿದ್ದಳು. ಮರುಳಸಿದ್ದಪ್ಪ ಹಲ್ಲು ಕಚ್ಚಿ ಪ್ರಯತ್ನಿಸುತ್ತಿದ್ದರು. ಕೈ ಬೆಚ್ಚಗಿರುತ್ತಿತ್ತು, ಅಷ್ಟೇ.

ಶಿವರಾತ್ರಿಯ ಹಿಂದಿನ ದಿನ ಬೆಳಿಗ್ಗೆ ಜಬೀನ್ ತಾವೇ ಪಟ್ಟಿಯ ಪೆಟ್ಟಿಗೆ ಹಿಡಿದು ಬಂದರು. ಬೇರೆಯವರನ್ನು ಕಳಿಸಬಹುದಿತ್ತು, ಕಳಿಸಲಿಲ್ಲ.

"ದೀಪ ಸಾಕಷ್ಟು ಹತ್ತಿದೆ" ಎಂದರು ಇಂದುಮತಿಗೆ ಮಾತ್ರ ಕೇಳುವ ಹಾಗೆ. "ನಾನು ನೋಡಿದವರಲ್ಲೆಲ್ಲ ಹೆಚ್ಚು. ಆದರೆ ಬೆರಳಿಲ್ಲದೆ ಎರಡನೇ ವಾರ್ಡಿಗೆ ಕಳಿಸಲು ನನಗೆ ಅಧಿಕಾರವಿಲ್ಲ."

ಮರುಳಸಿದ್ದಪ್ಪನವರಿಗೆ ಹೇಳಬೇಕಾಗಿ ಬರಲಿಲ್ಲ. ಪೆಟ್ಟಿಗೆ ನೋಡಿದವರೇ ಎಡಗೈಯಿಂದ ಹಣೆಪಟ್ಟಿ ಬಿಚ್ಚಿ ಮುಂದೆ ಚಾಚಿದರು. "ಕೊಡಿ ತಾಯಿ, ಆ ಹುಡುಗಿಗೆ. ಹೊಲಿಗೆ ಕೈ ಅಂತೆ." ಇಂದುಮತಿ ಗವಸನ್ನು ಒಂದೊಂದೇ ಬೆರಳು ಸಡಿಲಿಸಿ ತೆಗೆದಳು. ಜಬೀನ್ ಎರಡನ್ನೂ ಒಳಗಿಟ್ಟು ಚಿಲಕ ಹಾಕಿದರು.

ಆಗ ಶಿವಗಂಗಮ್ಮ ಬೋರ್ಡಿನ ಕಡೆ ಬೆರಳು ತೋರಿಸಿದರು. "ನಿನ್ನೆದು ಮುಗಿದಿಲ್ಲ. ಬಸ್ಸು ಮೂರು ರಸ್ತೇಲೇ ಇದಾವೆ. ಮುಗಿಸಿಕೊಂಡು ಹೋಗೋಣ. ಡಾಕ್ಟ್ರಮ್ಮ, ನೀವೂ ಕೂತ್ಕೊಳ್ಳಿ."

"ನನಗೆ ಕೆಲಸವಿದೆ" ಎಂದರು ಜಬೀನ್.

"ಎಲ್ಲರಿಗೂ ಇದೆ. ನೀವು ಟ್ರಾಫಿಕ್ ಪೊಲೀಸು."

ಜಬೀನ್ ಇಂದುಮತಿಯ ಮುಖ ನೋಡಿದರು. ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಸ್ಟೂಲಿನ ಮೇಲೆ ಕೂತರು.

ಆಟ ನಡೆಯಿತು. ಮರುಳಸಿದ್ದಪ್ಪನವರ ಹಣೆ ಬರಿದಾಗಿತ್ತು, ಬಲಗೈ ಬರಿದಾಗಿ ಬೋರ್ಡಿನ ಅಂಚಿನ ಮೇಲೆ ಬಿದ್ದಿತ್ತು. ಇನ್ನು ಗಳಿಸುವುದಕ್ಕೂ ಕಳೆಯುವುದಕ್ಕೂ ಅಲ್ಲಿ ಏನೂ ಇರಲಿಲ್ಲ. ಅವರ ದನಿ ಹಿಂದಿನ ಯಾವ ದಿನಕ್ಕಿಂತ ಹಗುರವಾಗಿತ್ತು. ಅವರ ಕೊನೆಯ ಬಸ್ಸು ಡಿಪೋದ ಬಾಯಲ್ಲಿತ್ತು. ಅದರ ಹಿಂದೆಯೇ, ಅವರ ಸೋತ ಬೆರಳಿನ ಉಗುರಿಗೆ ತಾಗುವ ಹಾಗೆ, ಕೆಂಪು ಚೆಕಿಂಗ್‌ನವನು ನಿಂತಿದ್ದ.

"ನಿಮ್ಮ ಬಸ್ಸು ಸಿಕ್ಕಿಹಾಕ್ಕೊಂತು" ಎಂದರು ಶಿವಗಂಗಮ್ಮ. "ಅಯ್ಯೋ, ಎಮ್ಮೆ ಕೆಳಗೆ ಬಿತ್ತು" ಎಂದು ಮೇಜಿನಡಿಗೆ ಬಗ್ಗಿದರು.

ಜೀವನದಲ್ಲಿ ಒಂದು ಫೌಲನ್ನೂ ಮುಚ್ಚಿಡದವರು ಮರುಳಸಿದ್ದಪ್ಪ. ಹೆಂಡತಿಯ ತಲೆ ಮರೆಯಾದದ್ದನ್ನು ನೋಡಿದರು. ಕೆಂಪು ಕಾಯಿ ಒಂದು ನೂಲಿನಷ್ಟು ಸರಿಯಿತು. ಮತ್ತೊಂದು ನೂಲು.

ಜಬೀನ್ ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿದರು.

"ಮರುಳಸಿದ್ದಪ್ಪನವರೇ, ಬೆರಳು. ಇನ್ನೊಂದು ಸಲ ಮಾಡಿ."

"ಏನು ಮಾಡಿದೆ?"

"ಬಲಗೈ ಬೆರಳು. ಮಾಡಿ."

ಅವರು ಕೈ ನೋಡಿಕೊಂಡರು. ದವಡೆ ಬಿಗಿಯಿತು, ಕುತ್ತಿಗೆಯ ನರ ಉಬ್ಬಿತು, ಹಣೆಯಲ್ಲಿ ಬೆವರು ಮೂಡಿತು. ಬೆರಳು ಮರದ ತುಂಡಿನ ಹಾಗೆ ಬಿದ್ದಿತ್ತು. ಜಬೀನ್ ಕಾದರು. "ಬೋರ್ಡು ಓರೆ ಇದೆ" ಎಂದರು ಕೊನೆಗೆ, ತಮಗೇ ಹೇಳಿಕೊಳ್ಳುವಂತೆ. "ತಾನೇ ಜಾರಿರಬಹುದು. ಖಚಿತವಾಗದೆ ನಾನು ಬರೆಯಲಾರೆ, ಇಂದುಮತಿ."

"ಕೇಳಬೇಡಿ ಮೇಡಂ" ಎಂದಳು ಇಂದುಮತಿ. "ಕೇಳಿದರೆ ಬರಲ್ಲ. ನಿಮ್ಮ ಸರದಿ ಈಗ. ಆಡಿ."

"ನನಗೆ ಆಡೋಕೆ ಬರಲ್ಲ."

"ನಿಯಮ ಹೇಳಿದರೆ ಸಾಕು" ಎಂದರು ಶಿವಗಂಗಮ್ಮ, ಎಮ್ಮೆಯನ್ನು ಊದಿ ಧೂಳು ತೆಗೆಯುತ್ತಾ.

ಜಬೀನ್ ಬೋರ್ಡನ್ನು ನೋಡಿದರು. ಕೆಂಪು ಕಾಯಿಯನ್ನೆತ್ತಿ ಅದೇ ಉಗುರಿನ ಬಳಿ, ಈ ಸಲ ಏರಿನ ಕಡೆಗೆ, ಇಟ್ಟರು. ಅಲ್ಲಿಂದ ತಾನಾಗಿ ಜಾರಿದರೆ ಅದು ಬೆರಳಿಗೇ ಬಂದು ಒರಗಬೇಕು. ಆಮೇಲೆ ಮೇಜಿನ ಮೇಲೆ ಕೈ ಚಾಚಿ ಮರುಳಸಿದ್ದಪ್ಪನವರ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಊರಲ್ಲಿ ಈಗ ಕರೆಂಟು ಹೋಯ್ತು" ಎಂದರು. ಅಭ್ಯಾಸವಿಲ್ಲದ ಕೆಲಸಕ್ಕೆ ಅವರ ದನಿ ಸ್ವಲ್ಪ ತಡವರಿಸಿತು. "ಡ್ರೈವರ್ ಒಬ್ಬರನ್ನು ಬಿಟ್ಟು ಎಲ್ಲರೂ ಕಣ್ಣು ಮುಚ್ಚಬೇಕು. ಡ್ರೈವರು ಓಡಿಹೋಗದ ಹಾಗೆ ಪೊಲೀಸು ಅವರ ಒಂದು ಕೈ ಹಿಡಿದಿರ್ತಾರೆ."

"ಇನ್ನೊಂದು ಕೈ?" ಎಂದರು ಮರುಳಸಿದ್ದಪ್ಪ.

"ಕತ್ತಲಲ್ಲಿ ನನಗೆ ಅದು ಕಾಣಲ್ಲ."

ಮೂವರೂ ಕಣ್ಣು ಮುಚ್ಚಿದರು. ಪಕ್ಕದ ಹಾಸಿಗೆಯವರೂ ಮುಚ್ಚಿದರೆಂದು ಇಂದುಮತಿಗೆ ಅವರು ಸುಮ್ಮನಾದದ್ದರಿಂದ ಗೊತ್ತಾಯಿತು. ಹೆದ್ದಾರಿಯಲ್ಲಿ ಯಾವುದೋ ಲಾರಿ ಹಾದುಹೋಯಿತು. ಅದರ ಸದ್ದು ಅಡಗಿದ ಮೇಲೆ, ಪೌಡರಿನ ಮೇಲೆ ಮರ ಉಜ್ಜುವ ಸದ್ದು ಕೇಳಿಸಿತು, ಸಣ್ಣಗೆ. ನಿಂತಿತು. ಮತ್ತೆ ಕೇಳಿಸಿತು.

"ಕರೆಂಟು ಬರೋದು ಇನ್ನೂ ತಡ ಇದೆ" ಎಂದರು ಶಿವಗಂಗಮ್ಮ, ಕಣ್ಣು ಮುಚ್ಚಿಕೊಂಡೇ. "ನಿಧಾನಕ್ಕೆ ಮಾಡಿ."